ನೂರಕ್ಕೆ ತೊಂಬತ್ತೊಂಬತ್ತು ಪಾಲು ಗುಂಡಿ

"ಇದರಿಂದ ಏನು ಉಪಯೋಗ, ಅಳಿಯಂದ್ರೆ?"

ಅತ್ತೆ ಕೇಳಿದ್ದು ಇಷ್ಟೇ. ಅದೂ ಬಾಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡು, ಹೊಲಿಯುತ್ತಿದ್ದ ಕಾಲರಿನಿಂದ ಕಣ್ಣೆತ್ತದೆ. ಆದರೆ ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡವರು ಕೇಳುವ ಪ್ರಶ್ನೆಗೆ ಮೊನೆ ಸ್ವಲ್ಪ ಹೆಚ್ಚೇ ಇರುತ್ತದೆ. ಅಳಿಯನಿಗೆ ಅದು ಚುಚ್ಚಬೇಕಾದ ಕಡೆಯೇ ಚುಚ್ಚಿತು.

'ಇದು' ಎಂದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಂಟು ತಿಂಗಳಿಂದ ಬೆಳೆಯುತ್ತಿದ್ದ ಯಂತ್ರ. ಮೇಲೆ ಎಣ್ಣೆ ಸುರಿಯುವ ಆಲಿಕೆ. ಅದರ ಕೆಳಗೆ ಅಗಲವಾದ ಎಲಾಸ್ಟಿಕ್ಕಿನಿಂದ ಮಾಡಿದ, ತೆವಳುವ ಪಟ್ಟಿ. ಪಟ್ಟಿಯ ಮೇಲೆ ಬಗ್ಗಿ ನೋಡುತ್ತಿರುವ, ಗಾಜು ಒಡೆದ ಹಳೆಯ ಮೊಬೈಲು. ಕೊನೆಯಲ್ಲಿ, ಅಡುಗೆಮನೆಯಿಂದ ಒಂದೊಂದಾಗಿ ಕಾಣೆಯಾಗಿದ್ದ ಎಂಟು ಸ್ಟೀಲ್ ಲೋಟಗಳು. ಆಲಿಕೆಗೆ ಗುಂಡಿಗಳನ್ನು ಸುರಿದರೆ ಅವು ಶಾಲೆಯ ಮಕ್ಕಳಂತೆ ಸಾಲಾಗಿ ಪಟ್ಟಿಯ ಮೇಲೆ ಬರುತ್ತಿದ್ದವು. ಮೊಬೈಲು ಒಂದೊಂದರ ಫೋಟೊ ತೆಗೆಯುತ್ತಿತ್ತು. ಕಂಪ್ಯೂಟರು ಆ ಫೋಟೊ ನೋಡಿ ಇದು ಅಂಗಿಯದೋ ಕೋಟಿನದೋ ಎಂದು ಗುರುತು ಹಿಡಿದು ಪರದೆಯ ಮೇಲೆ ತೀರ್ಪು ಬರೆಯುತ್ತಿತ್ತು. ಆಮೇಲೆ ಒಂದು ಪುಟ್ಟ ಕಡ್ಡಿ ಗುಂಡಿಯನ್ನು ಅದರ ಲೋಟಕ್ಕೆ ತಳ್ಳುತ್ತಿತ್ತು. ಗುಂಡಿಯೇ ಯಾಕೆ ಎಂದರೆ, ದರ್ಜಿಯ ಮನೆಯಲ್ಲಿ ಕಸ ಗುಡಿಸಿದರೆ ಸಿಗುವುದು ಅದೇ. ಕಸದಲ್ಲಿ ಆರಿಸಿದ ಗುಂಡಿಗಳನ್ನು ಮಗುಚಿ, ತಿರುಗಿಸಿ, ಎರಡು ಸಾವಿರ ಫೋಟೊ ತೋರಿಸಿ ಅಳಿಯ ಅದಕ್ಕೆ ಅಕ್ಷರಾಭ್ಯಾಸ ಮಾಡಿಸಿದ್ದ.

"ಗುಂಡಿ ವಿಂಗಡಿಸುತ್ತೆ ಅತ್ತೆ," ಎಂದ.

"ಅದಕ್ಕೆ ನಮಗೆ ಕಣ್ಣಿದೆಯಲ್ಲ." ಅತ್ತೆ ಒಂದು ಸೂಜಿಯನ್ನು ಬಾಯಿಂದ ತೆಗೆದು ಕಾಲರಿಗೆ ಚುಚ್ಚಿದರು. "ಆ ಕೋಣೇನ ಟೈಪಿಂಗ್ ಕಲಿಸೋ ಮೇಡಂ ಬಾಡಿಗೆಗೆ ಕೇಳ್ತಿದಾರೆ. ಇವತ್ತು ಹೋಗಿ ಒಂದು ಮಾತು ಹೇಳಿ ಬರ್ತೀನಿ. ಸಾಯಂಕಾಲ ಆಗುತ್ತೆ. ನಿಮಗೆ ಹೇಗೂ ರಜ. ಅಂಗಡಿ ಮೇಲೆ ಒಂದು ಕಣ್ಣಿಟ್ಟಿರಿ." ಹೊಸ್ತಿಲು ದಾಟಿದವರು ತಿರುಗಿ ನಿಂತು ಸೇರಿಸಿದರು: "ಕೈ ಇಡಬೇಡಿ."

ಹತ್ತು ಗಂಟೆಯ ಬಸ್ಸಿಗೆ ಅವರು ಹೊರಟುಹೋದರು.

ಅಳಿಯನಿಗೆ ಒಂದು ಹೆಸರಿತ್ತು. ನೀರು ಸರಬರಾಜು ಕಚೇರಿಯಲ್ಲಿ ಅರ್ಜಿಗಳಿಗೆ ಮೊಹರು ಒತ್ತುವ ಮೇಜಿನ ಮುಂದೆ ಅದನ್ನು ಬರೆದೂ ಇಟ್ಟಿದ್ದರು. ಆದರೆ ಮದುವೆಯಾಗಿ ಈ ಮನೆಗೆ ಬಂದು ಸೇರಿದ ದಿನದಿಂದ ಅವನು ಬೀದಿಗೆಲ್ಲ ಅಳಿಯನೇ. ಅಂಚೆಯವನೂ ಹಾಗೇ ಕೂಗುತ್ತಿದ್ದ. ಇಡೀ ಮನೆಯಲ್ಲಿ ಅವನದು ಅಂತ ಇದ್ದದ್ದು ಆ ಹಿಂದಿನ ಕೋಣೆ, ಅಷ್ಟೆ. ಅಲ್ಲಿ ಎಣ್ಣೆ ಡಬ್ಬದ ಮೇಲೆ ಬೆನ್ನು ಬಗ್ಗಿಸಿ ಕೂತಾಗ ಮಾತ್ರ ಅವನು ಯಾರ ಅಳಿಯನೂ ಅಲ್ಲ. ಅದೂ ಹೋದರೆ ಯಂತ್ರ ಅಟ್ಟಕ್ಕೆ, ತಾನು ವರಾಂಡಕ್ಕೆ.

ಸಾಯಂಕಾಲದೊಳಗೆ ಉಪಯೋಗ ತೋರಿಸಬೇಕು. ಅವನ ಕಣ್ಣು ಅಂಗಡಿಯ ಗೋಡೆಗೆ ಒರಗಿ ನಿಂತಿದ್ದ ಗುಂಡಿಯ ಬೀರುವಿನ ಮೇಲೆ ಬಿತ್ತು.

ನೂರ ಎಂಬತ್ತು ಪುಟ್ಟ ಖಾನೆಗಳ ಮರದ ಬೀರು ಅದು. ಅತ್ತೆಯನ್ನು ಬಿಟ್ಟು ಯಾರೂ ಮುಟ್ಟುವಂತಿರಲಿಲ್ಲ. ಅಳಿಯ ಮೆಲ್ಲಗೆ ಒಂದು ಖಾನೆ ಎಳೆದ. ಒಳಗೆ ಒಂದು ಹಿತ್ತಾಳೆ ಗುಂಡಿ, ಎರಡು ಬಿಳಿ, ಮೀನಿನ ಕಣ್ಣಿನಂಥ ಒಂದು ನೀಲಿ. ಇನ್ನೊಂದು ಎಳೆದ. ನಾಲ್ಕು ಕಂದು, ಒಂದು ಕೆಂಪು, ಮಧ್ಯೆ ಒಂದು ಕೊಕ್ಕೆ. ಅಲ್ಲೂ ಕಿಚಡಿಯೇ. ಖಾನೆಗಳ ಮುಖದ ಮೇಲೆ ಹೆಸರಿಲ್ಲ, ಅಂಕಿಯಿಲ್ಲ. ಸೀಮೆಸುಣ್ಣದಲ್ಲಿ ಗೀಚಿದ ಅರ್ಧಚಂದ್ರ, ಎರಡು ಅಡ್ಡಗೆರೆ, ಒಂದು ಕೊಡೆಯಂಥದ್ದು.

ಅವನಿಗೆ ಅತ್ತೆಯ ಮೇಲೆ ಕನಿಕರವೇ ಉಕ್ಕಿತು. ಮೂವತ್ತು ವರ್ಷದಿಂದ ಪಾಪ, ಈ ಗೊಂದಲದಲ್ಲಿ ಹೇಗೆ ಹುಡುಕುತ್ತಿದ್ದಾರೋ!

"ಏನಯ್ಯ ಅಳಿಯ, ಟೈಲರಮ್ಮ ಇಲ್ವಾ?"

ಬಾಗಿಲಲ್ಲಿ ನಿವೃತ್ತ ಮೇಷ್ಟ್ರು ನಿಂತಿದ್ದರು. ಕನ್ನಡಕ ಹಣೆಯ ಮೇಲೆ, ಕೈ ಹೊಟ್ಟೆಯ ಮೇಲೆ. "ಸರಿಯಾಗಿ ಹೊಟ್ಟೆ ಮೇಲಿನ ಗುಂಡಿನೇ ಕಿತ್ತು ಹೋಯ್ತು. ಪಿನ್ನು ಹಾಕಿದೀನಿ. ಉಸಿರೆಳೆದಾಗಲೆಲ್ಲ ಚುಚ್ಚುತ್ತೆ."

"ಸಾಯಂಕಾಲ ಬರ್ತಾರೆ ಮೇಷ್ಟ್ರೆ."

"ಅಲ್ಲೀತನಕ ಉಸಿರು ಹಿಡ್ಕೊಂಡಿರ್ಲಾ?" ಎನ್ನುತ್ತ ಮೇಷ್ಟ್ರು ಒಳಗೆ ಬಂದು, ಯಂತ್ರ ಕಂಡು, ಬಂದ ಕೆಲಸ ಮರೆತರು. ಮೂವತ್ತೈದು ವರ್ಷ ಪರೀಕ್ಷೆ ಮಾಡಿದ ಜೀವ. ಪರೀಕ್ಷೆಗೆ ಏನೂ ಸಿಗದೆ ನಾಲ್ಕು ವರ್ಷ ಒಣಗಿತ್ತು.

ಅಳಿಯ ಒಂದು ಖಾನೆಯ ಗುಂಡಿಗಳನ್ನು ಆಲಿಕೆಗೆ ಸುರಿದ. ಪಟ್ಟಿ ತೆವಳಿತು. ಪರದೆಯ ಮೇಲೆ ಅಕ್ಷರ ಮೂಡಿತು: 'ಕೋಟಿನ ಗುಂಡಿ. ನೂರಕ್ಕೆ ತೊಂಬತ್ತೆರಡು ಪಾಲು ಖಚಿತ.' ಠಣ್! ಹಿತ್ತಾಳೆ ಗುಂಡಿ ನಾಲ್ಕನೇ ಲೋಟಕ್ಕೆ. 'ಅಂಗಿ ಗುಂಡಿ, ಬಿಳಿ. ನೂರಕ್ಕೆ ಎಂಬತ್ತೊಂಬತ್ತು.' ಠಣ್!

"ಇದೇನು, ಉತ್ತರದ ಜೊತೆ ಅಂಕಾನೂ ಅದೇ ಕೊಟ್ಕೊಳ್ಳುತ್ತಾ?" ಮೇಷ್ಟ್ರಿಗೆ ಅದು ಹಿಡಿಸಲಿಲ್ಲ.

"ಎಷ್ಟು ನಂಬಿಕೆಯಿಂದ ಹೇಳ್ತಿದೆ ಅನ್ನೋದು ಮೇಷ್ಟ್ರೆ."

"ನನ್ನ ಕ್ಲಾಸಲ್ಲಿ ಅಷ್ಟು ನಂಬಿಕೆಯಿಂದ ಹೇಳ್ತಿದ್ದವರೆಲ್ಲ ಫೇಲೇ." ಮೇಷ್ಟ್ರು ಸ್ಟೂಲು ಹುಡುಕಿದರು, ಇರಲಿಲ್ಲ, ಎಣ್ಣೆ ಡಬ್ಬದ ಮೇಲೆ ಕೂತರು. ಅಳಿಯ ನಿಂತ. "ನಾಲ್ಕು ಗುಂಡಿ ಹೇಳಿದ್ದು ದೊಡ್ಡದಲ್ಲ. ಪರೀಕ್ಷೆ ಅಂದ್ರೆ ಪೂರ್ತಿ ಪಠ್ಯದ ಮೇಲೆ. ಬೀರು ಪೂರ್ತಿ ತಾ."

ಅಳಿಯನಿಗೆ ಬೇಕಾದದ್ದೂ ಅದೇ, ವೈದ್ಯ ಹೇಳಿದ್ದೂ ಅದೇ ಎಂಬಂತಾಯಿತು. ಕೈ ಇಡಬೇಡಿ ಎಂದಿದ್ದರು, ನಿಜ. ಆದರೆ ವಿಂಗಡಿಸುವುದು ಕಡ್ಡಿಯಲ್ಲವೆ, ಕೈಯಲ್ಲವಲ್ಲ.

ಹನ್ನೆರಡೂವರೆಯ ಹೊತ್ತಿಗೆ ನೂರ ಎಂಬತ್ತು ಖಾನೆಗಳು ಖಾಲಿಯಾದವು. ಎಂಟು ಲೋಟ ತುಂಬಿ, ಎಂಟು ಪಾತ್ರೆ ತುಂಬಿ, ಅನ್ನದ ಪಾತ್ರೆಯೂ ಬಂತು. ಠಣ್, ಠಣ್, ಠಣ್. ಅಳಿಯ ಖುಷಿಯಲ್ಲಿ ಒದ್ದೆ ಬಟ್ಟೆ ತಂದು, ಖಾನೆಗಳ ಮೇಲಿನ ಅರ್ಧಚಂದ್ರ, ಅಡ್ಡಗೆರೆ, ಕೊಡೆ ಎಲ್ಲವನ್ನೂ ತೊಳೆದ ಮುಖದಂತೆ ಒರೆಸಿದ. ಬಿಳಿ ಚೀಟಿ ಕತ್ತರಿಸಿ, ಕಚೇರಿಯ ಗುಂಡು ಅಕ್ಷರದಲ್ಲಿ 'ಅಂಗಿ – ಬಿಳಿ – ಸಣ್ಣ', 'ಅಂಗಿ – ಬಿಳಿ – ಮಧ್ಯಮ' ಎಂದು ಬರೆದು ಅಂಟಿಸಿ, ಅದರದರ ಗುಂಡಿಗಳನ್ನು ಖಾನೆಗಳಿಗೆ ತುಂಬತೊಡಗಿದ. ಬೀರು ಈಗ ಸರ್ಕಾರಿ ಕಚೇರಿಯಂತೆ ಕಂಡಿತು. ಇದಕ್ಕಿಂತ ಹೆಚ್ಚಿನ ಹೊಗಳಿಕೆ ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಠಣ್ ಠಣ್ ಸದ್ದು ಕೇಳಿ ಎದುರು ಅಂಗಡಿಯ ಇಸ್ತ್ರಿಯಪ್ಪ ಬಂದ. ಬಂದವನು ಯಂತ್ರವನ್ನು ನೋಡಿದ, ಬೀದಿಯನ್ನು ನೋಡಿದ, ಬಾಗಿಲು ಅರ್ಧ ಮುಚ್ಚಿದ.

"ಅಳಿಯಂದ್ರೆ, ಇದು ಒಂದು ಗುಂಡಿ ನೋಡಿ ಅದರ ಜೊತೇದು ಹುಡುಕುತ್ತಾ?"

"ಒಂದೇ ಜಾತಿಯವೆಲ್ಲ ಒಂದೇ ಲೋಟಕ್ಕೆ ಬರುತ್ತವೆ. ಯಾಕೆ?"

ಇಸ್ತ್ರಿಯಪ್ಪ ಸೊಂಟದಿಂದ ಒಂದು ತಗಡಿನ ಡಬ್ಬಿ ತೆಗೆದ. ಮುಚ್ಚಳ ಬಿಚ್ಚುವಾಗ ಅವನ ಮುಖ ತಪ್ಪೊಪ್ಪಿಗೆ ಬರೆಯುವವನಂತಾಗಿತ್ತು. ಒಳಗೆ ಇನ್ನೂರಕ್ಕೂ ಮಿಕ್ಕಿ ಬಿಳಿಯ ಪುಟ್ಟ ಉಂಡೆಗಳು: ಇಸ್ತ್ರಿಪೆಟ್ಟಿಗೆಯ ಕಾವಿಗೆ ಕರಗಿ, ತೂತು ಮುಚ್ಚಿಹೋಗಿ, ನುಣ್ಣಗಾದ ಗುಂಡಿಗಳು.

"ಹತ್ತು ವರ್ಷದ್ದು," ಎಂದ ಪಿಸುದನಿಯಲ್ಲಿ. "ಗಿರಾಕಿ ಬಂದು ಗುಂಡಿ ಎಲ್ಲಿ ಅಂದ್ರೆ, ಟೈಲರಮ್ಮನ ಹೊಲಿಗೆ ಸಡಿಲ ಅಂತ ಹೇಳಿ ಕಳಿಸ್ತಿದ್ದೆ. ಪಾಪ, ಆಯಮ್ಮ ಒಂದು ಮಾತಾಡದೆ ಹೊಲಿದುಕೊಡ್ತಿತ್ತು. ಇವಕ್ಕೆ ಜೋಡಿ ಹುಡುಕಿಕೊಟ್ರೆ, ಇನ್ಮೇಲೆ ಸುಟ್ಟಾಗ ನಾನೇ ಮೆಲ್ಲಗೆ ಒಂದೊಂದೇ ಹಚ್ಚಿಬಿಡ್ತೀನಿ. ಪುಣ್ಯ ಬರುತ್ತೆ ನಿಮಗೆ."

ಅಳಿಯ ಬಾಯಿ ತೆರೆಯುವ ಮೊದಲೇ ಡಬ್ಬಿ ಆಲಿಕೆಗೆ ಬೋರಲಾಯಿತು. ಯಂತ್ರ ಒಂದು ಕ್ಷಣವೂ ಅನುಮಾನಿಸಲಿಲ್ಲ. 'ಅಂಗಿ ಗುಂಡಿ, ಬಿಳಿ. ನೂರಕ್ಕೆ ತೊಂಬತ್ತೇಳು.' ಇನ್ನೂರೂ ಅದೇ ಲೋಟಕ್ಕೆ.

ಮೇಷ್ಟ್ರು ಇದನ್ನು ನೋಡಿ ಎದೆ ಸೆಟೆಸಿದರು. "ತೂತೇ ಇಲ್ಲದ್ದನ್ನ ಗುಂಡಿ ಅನ್ನುತ್ತಲ್ಲ ಇದು! ನಿಲ್ಲು, ಒಂದು ಮೋಸದ ಪ್ರಶ್ನೆ ಕೊಡ್ತೀನಿ. ಪ್ರತಿ ಪ್ರಶ್ನೆಪತ್ರಿಕೆಯಲ್ಲೂ ನಾನೊಂದು ಇಡ್ತಿದ್ದೆ." ಜೇಬಿನಿಂದ ಮಾತ್ರೆಯ ಹಾಳೆ ತೆಗೆದರು. ಊಟದ ಮೇಲೆ ನುಂಗಬೇಕಾದ ರಕ್ತದೊತ್ತಡದ ಮಾತ್ರೆ, ಹಾಳೆಯಲ್ಲಿ ಉಳಿದಿದ್ದ ಕೊನೆಯದು. ಚಿಟ್ ಎಂದು ಒತ್ತಿ ಪಟ್ಟಿಯ ಮೇಲೆ ಬೀಳಿಸಿದರು.

ಮೊಬೈಲು ಕಣ್ಣು ಮಿಟುಕಿಸಿತು. ಪರದೆಯ ಮೇಲೆ ಮೂಡಿತು: 'ಅಂಗಿ ಗುಂಡಿ, ಬಿಳಿ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಖಚಿತ.'

ಬೆಳಗಿನಿಂದ ಯಾವ ನಿಜವಾದ ಗುಂಡಿಗೂ ಅದು ಅಷ್ಟು ಅಂಕ ಕೊಟ್ಟಿರಲಿಲ್ಲ. ಠಣ್!

"ಫೇಲ್!" ಮೇಷ್ಟ್ರು ತೊಡೆ ತಟ್ಟಿದರು. ನಾಲ್ಕು ವರ್ಷದ ಬರಗಾಲ ಒಂದೇ ಕ್ಷಣದಲ್ಲಿ ತೀರಿತ್ತು. ಆ ಸಂತೋಷದಲ್ಲೇ ಲೋಟಕ್ಕೆ ಕೈ ಹಾಕಿ ಕಲಕಿ, ಬೆರಳಿಗೆ ಸಿಕ್ಕ ಬಿಳಿಯದನ್ನು ಬಾಯಿಗೆ ಹಾಕಿಕೊಂಡು, ಒಂದು ಚೊಂಬು ನೀರು ಕುಡಿದರು. ಕನ್ನಡಕ ಇನ್ನೂ ಹಣೆಯ ಮೇಲೇ ಇತ್ತು.

ಸ್ವಲ್ಪ ಹೊತ್ತು ಯಂತ್ರದ ಸೋಲಿನ ಬಗ್ಗೆ ಮಾತಾಯಿತು. ಆಮೇಲೆ ಮೇಷ್ಟ್ರು ನಾಲಿಗೆ ಚಪ್ಪರಿಸಿದರು. ಮತ್ತೆ ಚಪ್ಪರಿಸಿದರು.

"ಅಲ್ಲ... ದಿನಾ ಈ ಮಾತ್ರೆ ಹಾಗಲಕಾಯಿ ಹಾಗೆ ಕಹಿ ಇರುತ್ತೆ. ಇವತ್ತು ಏನೂ ಇಲ್ಲ."

ಮೂವರೂ ಲೋಟದ ಕಡೆ ನೋಡಿದರು.

"ಗಂಟಲಲ್ಲಿ ಇಳೀವಾಗ ಒಂಚೂರು... ಅಂಚು ತಾಗಿದ ಹಾಗಾಯ್ತು," ಎಂದರು ಮೇಷ್ಟ್ರು. ದನಿ ಸಣ್ಣದಾಗಿತ್ತು.

"ಮೇಷ್ಟ್ರು ಗುಂಡಿ ನುಂಗಿದ್ರು!" ಇಸ್ತ್ರಿಯಪ್ಪ ಕೂಗಿದ. ಅವನ ತಪ್ಪಿಗಿಂತ ದೊಡ್ಡ ತಪ್ಪೊಂದು ಕೊನೆಗೂ ನಡೆದಿತ್ತಲ್ಲ, ಆ ನೆಮ್ಮದಿ ಕೂಗಿನಲ್ಲಿತ್ತು.

ಆ ಕೂಗಿಗೆ ಸರಿಯಾಗಿ ಅಳಿಯನ ಹೆಂಡತಿ ಒಳಗೆ ಬಂದಳು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಗಿನಿಂದ ಎಂಬತ್ತು ಜನಕ್ಕೆ ಸೂಜಿ ಚುಚ್ಚಿ ಬಂದಿದ್ದಳು. ಯಾರ ಕೂಗಿಗೂ ಬೆಚ್ಚುವ ಸ್ಥಿತಿಯಲ್ಲಿರಲಿಲ್ಲ.

"ಗುಂಡಿ ನುಂಗಿದ್ರೆ ಏನೂ ಆಗಲ್ಲ ಮೇಷ್ಟ್ರೆ, ಬಂದ ದಾರೀಲೆ ಅಲ್ಲದಿದ್ರೂ ಇನ್ನೊಂದು ದಾರೀಲಿ ಹೋಗುತ್ತೆ," ಎಂದಳು. "ಆದ್ರೆ ಮಾತ್ರೆ ತಪ್ಪಿಸೋ ಹಾಗಿಲ್ಲ. ಔಷಧಿ ಅಂಗಡಿ ನಾಲ್ಕೂವರೆಗೆ ತೆಗೆಯೋದು. ಅಲ್ಲೀತನಕ ಆ ಮಾತ್ರೆ ಹುಡುಕಿ. ಎಲ್ಲಿದೆ?"

ಅಳಿಯ ಲೋಟ ತೋರಿಸಿದ. ಅವಳು ಲೋಟ ನೋಡಿದಳು, ಪಾತ್ರೆಗಳನ್ನು ನೋಡಿದಳು, ಆಮೇಲೆ ಮೆಲ್ಲಗೆ ತಲೆಯೆತ್ತಿ, ಮುಖ ತೊಳೆದು ಚೀಟಿ ಹಚ್ಚಿಕೊಂಡು ನಿಂತ ಬೀರುವನ್ನು ನೋಡಿದಳು.

"ರೀ. ಅಮ್ಮನ ಬೀರು ಮುಟ್ಟಿದ್ರಾ?"

"ಅಚ್ಚುಕಟ್ಟು ಮಾಡಿದೆ."

"ಹುಟ್ಟಿದಾಗಿಂದ ನಾನೇ ಅದನ್ನ ಮುಟ್ಟಿಲ್ಲ." ಅವಳು ಕೈಚೀಲ ಕೆಳಗಿಟ್ಟಳು. "ಇರಲಿ. ಮೊದಲು ಮಾತ್ರೆ."

ಮತ್ತೆ ಯಂತ್ರಕ್ಕೇ ಸುರಿದು ನೋಡಿದರು. ಅದು ಮುನ್ನೂರನ್ನೂ ಅಂಗಿ ಗುಂಡಿ ಎಂದೇ, ಮೊದಲಿಗಿಂತ ಹೆಚ್ಚು ಧೈರ್ಯದಿಂದ ಹೇಳಿತು. ತೂತಿದ್ದ ಗುಂಡಿಗಳನ್ನು ಕಣ್ಣಿಂದಲೇ ಆರಿಸಿ ತೆಗೆದದ್ದಾಯಿತು. ಆದರೆ ಇಸ್ತ್ರಿಯಪ್ಪನ ಇನ್ನೂರು ಕರಗಿದ ಉಂಡೆಗಳು ಉಳಿದವು. ಒಂದಕ್ಕೂ ತೂತಿಲ್ಲ, ಒಂದೊಂದೂ ಯಾವುದೋ ಕಂಪನಿಯ ಮಾತ್ರೆಯಂತೆಯೇ ಇತ್ತು.

"ಕಹಿ ಇರುತ್ತೆ ಅಂದ್ರಲ್ಲ," ಎಂದಳು ಹೆಂಡತಿ, ಕೈ ಕಟ್ಟಿ.

ಮೂವರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸುಟ್ಟವನೇ ನೆಕ್ಕಲಿ," ಎಂದರು ಮೇಷ್ಟ್ರು.

"ಬೀಳಿಸಿದವರು ನೆಕ್ಕಲಿ," ಎಂದ ಇಸ್ತ್ರಿಯಪ್ಪ.

"ಯಂತ್ರ ಮಾಡಿದವರು ಮೊದಲು," ಎಂದಳು ಹೆಂಡತಿ. ಚರ್ಚೆ ಮುಗಿಯಿತು.

ಬಿಸಿ ನೀರಲ್ಲಿ ಹಾಕಿ ತೊಳೆಯೋಣ ಎಂದರೆ ಮಾತ್ರೆ ಕರಗಿಹೋಗುತ್ತದೆ. ಹಾಗಾಗಿ ಮೂವರೂ ನೆಲದ ಮೇಲೆ ವೃತ್ತವಾಗಿ ಕೂತರು. ಪಾಲು ಹಂಚಿಕೊಂಡರು. ಕೈಗೆ ತೆಗೆದುಕೊಳ್ಳುವುದು, ನಾಲಿಗೆಯ ತುದಿಗೆ ತಾಗಿಸುವುದು, ತಲೆ ಅಲ್ಲಾಡಿಸುವುದು, ಪಕ್ಕಕ್ಕಿಡುವುದು. ಎಂಟು ತಿಂಗಳು ಕಷ್ಟಪಟ್ಟು ಮಾಡಿದ ಯಂತ್ರ ಪಕ್ಕದಲ್ಲಿ ಸುಮ್ಮನೆ ನಿಂತು ಹೊಳೆಯುತ್ತಿತ್ತು. ವಿಂಗಡಣೆಯ ಕೆಲಸ ಮನುಷ್ಯರ ನಾಲಿಗೆಗೆ ಬಿದ್ದಿತ್ತು.

"ಇದು ಸ್ವಲ್ಪ ಕಹಿ," ಎಂದ ಇಸ್ತ್ರಿಯಪ್ಪ.

"ಅದು ನಿನ್ನ ಹೊಗೆಸೊಪ್ಪು. ಮುಂದಿನದು ನೋಡು," ಎಂದರು ಮೇಷ್ಟ್ರು.

ನಾಲ್ಕು ಗಂಟೆ ಹೊಡೆಯುವಾಗ ಅಳಿಯ ಒಂದು ಉಂಡೆಯನ್ನು ನಾಲಿಗೆಗೆ ತಾಗಿಸಿದ. ಮುಖ ಕಿವುಚಿತು. ಕಣ್ಣಲ್ಲಿ ನೀರು ಬಂತು. ಇಷ್ಟು ಸಂತೋಷದ ಕಹಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. "ಸಿಕ್ಕಿತು!" ಎಂದು ಕೂಗಿ, ನಾಲಿಗೆ ಹೊರಗೆ ಚಾಚಿಕೊಂಡೇ, ಮಾತ್ರೆಯನ್ನು ಎತ್ತಿ ಹಿಡಿದು ತಿರುಗಿದ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕಂಕುಳಲ್ಲಿ ಹೊಸ ಮರದ ಸ್ಟೂಲು.

ಮೇಷ್ಟ್ರು ಹಿಡಿದ ಗುಂಡಿಯನ್ನು ನಾಲಿಗೆಯ ಮೇಲೇ ಮರೆತರು. ಇಸ್ತ್ರಿಯಪ್ಪ ಡಬ್ಬಿಯ ಮೇಲೆ ಕೂತು ಅದನ್ನು ಮುಚ್ಚಿದ.

ಮಗಳು ಬೆಳಗಿನಿಂದ ನಡೆದದ್ದನ್ನೆಲ್ಲ ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದಳು, ಲ್ಯಾಬಿನ ವರದಿಯಂತೆ. ಅತ್ತೆ ಸ್ಟೂಲನ್ನು ಕೆಳಗಿಟ್ಟು ಬೀರುವಿನ ಹತ್ತಿರ ಹೋದರು. 'ಅಂಗಿ – ಬಿಳಿ – ಸಣ್ಣ' ಎಂಬ ಖಾನೆ ಎಳೆದರು. ಒಳಗೆ ಒಂದೇ ಜಾತಿಯ ಗುಂಡಿಗಳು ಮಿಣಮಿಣ ನಗುತ್ತಿದ್ದವು.

"ಇಲ್ಲಿ ಅರ್ಧಚಂದ್ರ ಇತ್ತಲ್ಲ?"

"ಒರೆಸಿದೆ ಅತ್ತೆ. ಗಲೀಜಾಗಿತ್ತು."

"ಅದು ವಕೀಲರ ಖಾನೆ. ಅವರ ಹೊಟ್ಟೆ ಗುರುತು ಅದು." ಅತ್ತೆಯ ದನಿ ಏರಲಿಲ್ಲ, ಏರಿದ್ದರೆ ಅಳಿಯನಿಗೆ ಎಷ್ಟೋ ವಾಸಿಯಿತ್ತು. "ಎರಡು ಅಡ್ಡಗೆರೆ ಬ್ಯಾಂಡಿನವರು. ಕೊಡೆ ಡಾಕ್ಟರಮ್ಮ. ಯಾರ ಬಟ್ಟೆ ಹೊಲಿದ್ರೂ ಅದರದೇ ಒಂದೆರಡು ಗುಂಡಿ ಅವರ ಖಾನೇಲಿ ಹಾಕಿಡ್ತಿದ್ದೆ. ಹತ್ತು ವರ್ಷ ಆದ್ಮೇಲೆ ಕಿತ್ತು ಬಂದ್ರೂ ಅದೇ ಗುಂಡಿ ಹಾಕಿಕೊಡ್ತಿದ್ದೆ. ಬಟ್ಟೆ ಯಾರು ಬೇಕಾದ್ರೂ ಹೊಲೀತಾರೆ ಅಳಿಯಂದ್ರೆ. ಊರೆಲ್ಲ ನನ್ನ ಹತ್ರ ಬರೋದು ಆ ಗುಂಡಿಗೆ."

ಅಳಿಯನ ಮುಖ ಇಂಗು ತಿಂದ ಮಂಗನಂತಾಯಿತು. ಬಾಯಲ್ಲಿದ್ದ ಕಹಿ ಈಗ ಮಾತ್ರೆಯದು ಮಾತ್ರ ಆಗಿರಲಿಲ್ಲ. ಗೊಂದಲ ಎಂದುಕೊಂಡಿದ್ದು ನೂರ ಎಂಬತ್ತು ಮನೆಗಳಾಗಿದ್ದವು. ಅವನು ಒಂದು ಊರನ್ನೇ ಬಣ್ಣ ನೋಡಿ ಎಂಟು ಲೋಟಕ್ಕೆ ಸುರಿದಿದ್ದ.

"ಈ ಕರಗಿದವು ಯಾರವು?" ಅತ್ತೆ ನೆಲದ ಮೇಲಿದ್ದ ಉಂಡೆಗಳನ್ನು ನೋಡಿದರು.

"ಅಕ್ಕಾ, ಅಂಗಡೀಲಿ ಇಸ್ತ್ರಿಪೆಟ್ಟಿಗೆ ಕಾಯ್ತಾ ಇದೆ," ಎಂದ ಇಸ್ತ್ರಿಯಪ್ಪ. ಎದ್ದ, ಹೋದ. ಡಬ್ಬಿ ಅಲ್ಲೇ ಉಳಿಯಿತು.

"ನನ್ನ ಹೊಲಿಗೆ ಸಡಿಲ ಅಂತ ಹತ್ತು ವರ್ಷದಿಂದ ದಾರ ಎರಡು ಸುತ್ತು ಜಾಸ್ತಿ ಸುತ್ತಿದೀನಿ," ಎಂದರು ಅತ್ತೆ, ಡಬ್ಬಿಗೆ.

ಅಳಿಯ ಮೆಲ್ಲಗೆ ಕೇಳಿದ: "ಆ ಟೈಪಿಂಗ್ ಮೇಡಂ... ಯಾವಾಗ ಬರ್ತಾರಂತೆ ಅತ್ತೆ?"

"ಬರಲ್ಲ. ಕೋಣೆ ಕೊಡಕ್ಕಾಗಲ್ಲ ಅಂತ ಹೇಳೋಕೇ ಹೋಗಿದ್ದು."

"ಆಂ?"

"ಮನುಷ್ಯನಿಗೆ ಒಂದು ಹುಚ್ಚು ಇರ್ಬೇಕು. ನನಗೆ ಬೀರು, ನಿಮಗೆ ಯಂತ್ರ. ಉಪಯೋಗ ಏನು ಅಂತ ಕೇಳಿದ್ದು ಗೊತ್ತಿಲ್ಲದೆ ಕೇಳಿದ್ದು, ಅಷ್ಟೆ. ಎಣ್ಣೆ ಡಬ್ಬದ ಮೇಲೆ ಕೂತು ಬೆನ್ನು ಹೋಗ್ತಿದೆಯಲ್ಲ ಅಂತ..." ಅತ್ತೆ ಸ್ಟೂಲನ್ನು ಕಾಲಿನಿಂದ ಅವನ ಕಡೆ ಸರಿಸಿದರು. "ಬರುವಾಗ ಇದನ್ನೂ ತಂದೆ."

ಬೆಳಗಿನಿಂದ ಸುಮ್ಮನೆ ಮಲಗಿದ್ದರೆ ಸಾಕಿತ್ತು. ಕೋಣೆ ಅವನದೇ ಇತ್ತು, ಸ್ಟೂಲು ಸಮೇತ.

"ಕೋಣೆ ಈಗಲೂ ನಿಮ್ಮದೇ," ಎಂದರು ಅತ್ತೆ. "ಯಂತ್ರ ಅಟ್ಟಕ್ಕೆ ಹಾಕಿ. ಗುಂಡಿ ಎಲ್ಲ ಕೋಣೆಗೆ ತನ್ನಿ. ಇನ್ನುಮೇಲೆ ಕಚೇರಿಯಿಂದ ಬಂದ ಕೂಡಲೆ ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ. ನೀವು ಒಂದೊಂದೇ ಎತ್ತಿ ತೋರಿಸಿ, ನಾನು ಯಾರದು ಅಂತ ಹೇಳ್ತೀನಿ. ಹೇಳಿದ ಕಡೆ ಹಾಕಿ."

ಫೋಟೊ ತೋರಿಸುವುದು, ಗುರುತು ಹಿಡಿಯುವುದು, ಕಡ್ಡಿ ತಳ್ಳುವುದು. ಯಂತ್ರದ ಎಲ್ಲ ಕೆಲಸವೂ ಇತ್ತು. ಕಡ್ಡಿಯ ಜಾಗ ಮಾತ್ರ ಅಳಿಯನಿಗೆ ಸಿಕ್ಕಿತ್ತು.

ಮೇಷ್ಟ್ರು ಇದೇ ಸಮಯವೆಂದು ಮಾತ್ರೆಯನ್ನು ಅಳಿಯನ ಕೈಯಿಂದ ಇಸಿದುಕೊಂಡು, ಕನ್ನಡಕ ಇಳಿಸಿ ಎರಡು ಸಲ ನೋಡಿ ನುಂಗಿದರು. "ಟೈಲರಮ್ಮ, ಇಷ್ಟೆಲ್ಲದರ ಮಧ್ಯೆ ಕೇಳಬಾರದು. ನನ್ನ ಈ ಗುಂಡಿ ಒಂದು..." ಎಂದು ಹೊಟ್ಟೆಯ ಮೇಲಿನ ಪಿನ್ನು ತೋರಿಸಿದರು.

"ಇಟ್ಟಿದ್ದೆ ಮೇಷ್ಟ್ರೆ. ಈ ಅಂಗಿಗೆ ಅಂತ ಒಂದೇ ಒಂದು ಉಳಿದಿತ್ತು." ಅತ್ತೆ ತೂತಿನ ಬಿಳಿ ಗುಂಡಿಗಳನ್ನು ನೆಲದ ಮೇಲೆ ಹರಡಿ, ಅಂಗೈಯನ್ನು ಒಂದು ಸಲ ಮೇಲಿಂದ ಆಡಿಸಿದರು. ಬೆಣ್ಣೆಯಿಂದ ಕೂದಲು ತೆಗೆದಂತೆ ಡಾಕ್ಟರಮ್ಮನದು, ವಕೀಲರದು ಬೇರೆಯಾದವು. ಆಮೇಲೆ ಕೈ ನಿಂತಿತು. "ಎರಡು ತೂತು, ಸುತ್ತ ಸಣ್ಣ ಅಂಚು ಇರೋದು. ಕಾಣಿಸ್ತಿಲ್ಲವಲ್ಲ..."

"ಅಂಚು ಇತ್ತು," ಎಂದರು ಮೇಷ್ಟ್ರು, ಗಂಟಲು ಮುಟ್ಟಿಕೊಂಡು.

ಎಲ್ಲರ ಕಣ್ಣೂ ಒಟ್ಟಿಗೆ ಪಿನ್ನಿನ ಕಡೆ ತಿರುಗಿತು. ಆ ದಿನ ಆ ಮನೆಯಲ್ಲಿ ಅಲುಗಾಡಿದ ಮೂರು ಸಾವಿರ ಗುಂಡಿಗಳಲ್ಲಿ ತಪ್ಪದೆ ತನ್ನ ಒಡೆಯನನ್ನು ಸೇರಿದ್ದು ಅದೊಂದೇ. ಇರಬೇಕಾದ ಜಾಗದಿಂದ ಬರೀ ಒಂದು ಅಂಗುಲ ಒಳಗಿತ್ತು.